ಕಮೀನೊ ನಡಿಗೆಗೆ ಮುಂಚಿನ ರಾತ್ರಿ ಎಲ್ಲಿ ಉಳಿಯೋದು?

ಸ್ಪೇನಿನ ಸಾಂತಿಯಾಗೊ ದೊಡ್ಡ ಚರ್ಚಿಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರೆಗೆ ಕಮೀನೊ ಅಂತ ಹೆಸರು. ಈ ಸಲ ಬಂದ ಪತ್ರಗಳಲ್ಲಿ ದಾರಿಯ ಬಗ್ಗೆ ಕೇಳಿದವರು ಕಡಿಮೆ. ನಡಿಗೆ ಶುರುವಾಗುವ ಮುಂಚೆ ನಗರದಲ್ಲಿ ಕಳೆಯಬೇಕಾದ ಒಂದು ರಾತ್ರಿಯ ಬಗ್ಗೆ ಕೇಳಿದವರೇ ಜಾಸ್ತಿ.

ಪ್ರಶ್ನೆ: ನಾನು, ನನ್ನ ಅಕ್ಕ ಇಬ್ಬರೂ ಐವತ್ತು ದಾಟಿದವರು. ಸೆಪ್ಟೆಂಬರ್‌ನಲ್ಲಿ ಸಾರಿಯಾದಿಂದ ಸಾಂತಿಯಾಗೊವರೆಗೆ ನಡೆಯಬೇಕು ಅಂತಿದ್ದೇವೆ. ವಿಮಾನ ಸಂಜೆ ಮ್ಯಾಡ್ರಿಡ್‌ನಲ್ಲಿ ಇಳಿಯುತ್ತದೆ, ರೈಲು ಮರುದಿನ ಬೆಳಿಗ್ಗೆ. ಹೋಟೆಲ್ ರೇಟು ನೋಡಿದರೆ ತಲೆ ತಿರುಗುತ್ತದೆ. ಯಾತ್ರಿಗಳಿಗೆ ಅಲ್ಬೆರ್ಗೆ ಅನ್ನುವ ಕಡಿಮೆ ದುಡ್ಡಿನ ತಂಗುದಾಣ ಇದೆಯಂತಲ್ಲ, ಅದು ಮ್ಯಾಡ್ರಿಡ್‌ನಲ್ಲಿ ಸಿಗೋದಿಲ್ವಾ?

ಉತ್ತರ: ಅದನ್ನು ನಂಬಿಕೊಂಡು ಹೋಗಬೇಡಿ. ಅಲ್ಬೆರ್ಗೆ ಇರುವುದು ದಾರಿಯಲ್ಲಿ ನಡೆಯುತ್ತಿರುವವರಿಗೆ. ಕ್ರೆಡೆನ್ಸಿಯಲ್ ಅನ್ನುವ, ದಾರಿಯಲ್ಲಿ ಮುದ್ರೆ ಹಾಕಿಸಿಕೊಳ್ಳುವ ಯಾತ್ರಿ ಪುಸ್ತಕ ತೋರಿಸಬೇಕು, ಸಾಮಾನ್ಯವಾಗಿ ಒಂದೇ ರಾತ್ರಿ ಇರಲು ಬಿಡುತ್ತಾರೆ, ಬೆಳಿಗ್ಗೆ ಎಂಟರೊಳಗೆ ಜಾಗ ಖಾಲಿ ಮಾಡಬೇಕು. ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯದ ಸರ್ಕಾರ ನಡೆಸುವ ಅಲ್ಬೆರ್ಗೆಗಳಲ್ಲಿ ಹಾಸಿಗೆಗೆ ಸುಮಾರು 10 ಯೂರೊ. ಮ್ಯಾಡ್ರಿಡ್‌ನಲ್ಲಿ ನೀವು ಎಲ್ಲರ ಹಾಗೆ ಪ್ರವಾಸಿಗಳು, ಆ ರೇಟಿನ ಆಸೆ ಅಲ್ಲಿ ಬೇಡ.

ಹಾಗಂತ ಸಿಕ್ಕಿದ್ದರಲ್ಲಿ ಅಗ್ಗದ್ದನ್ನೇ ಬುಕ್ ಮಾಡಬೇಡಿ. ರೇಟು ನೋಡುವ ಮುಂಚೆ ಬೆಳಿಗ್ಗೆಯ ರೈಲು ಯಾವ ಸ್ಟೇಷನ್‌ನಿಂದ ಹೊರಡುತ್ತದೆ ಅಂತ ನೋಡಿ. ಮ್ಯಾಡ್ರಿಡ್‌ನಲ್ಲಿ ದೊಡ್ಡ ಸ್ಟೇಷನ್ ಎರಡು. ಗಲೀಸಿಯಾ ಕಡೆಯ ರೈಲುಗಳು, ಅಂದರೆ ಸಾರಿಯಾಕ್ಕೆ ಹೋಗುವವರು ಹತ್ತುವಂಥವು, ಉತ್ತರದ ಚಮಾರ್ತಿನ್‌ನಿಂದ ಹೊರಡುತ್ತವೆ. ಫ್ರಾನ್ಸ್ ಗಡಿ ಕಡೆಯ ಪಾಂಪ್ಲೋನಾ ನಗರಕ್ಕೆ ಹೋಗುವವರಿಗೆ ದಕ್ಷಿಣದ ಅತೋಚಾ. ತುಂಬಾ ಜನ ಹೆಸರು ಕೇಳಿದ್ದೇವೆ ಅಂತ ಅತೋಚಾ ಹತ್ತಿರ ರೂಮು ಮಾಡಿ, ಬೆಳಿಗ್ಗೆ ಆರಕ್ಕೆ ಬ್ಯಾಗು ಹೊತ್ತು ಊರಿನ ಆ ತುದಿಗೆ ಓಡುತ್ತಾರೆ. ಟ್ಯಾಕ್ಸಿ ಹಿಡಿದರೆ ಉಳಿಸಿದ ದುಡ್ಡು ಅಲ್ಲೇ ಹೋಯಿತು.

ನೀವು ಮೆಟ್ರೊದ 1ನೇ ಲೈನನ್ನು ನೆನಪಿಟ್ಟುಕೊಂಡರೆ ಸಾಕು. ಅತೋಚಾ, ಊರ ನಡುವಿನ ಸೋಲ್, ಆಮೇಲೆ ತೆತುವಾನ್, ಚಮಾರ್ತಿನ್, ಎಲ್ಲವೂ ಅದರ ಮೇಲೇ ಇವೆ. ತೆತುವಾನ್ ಕಡೆ ಪ್ರವಾಸಿಗಳ ನೂಕುನುಗ್ಗಲು ಕಡಿಮೆ, ಸೋಲ್‌ಗಿಂತ ರೂಮೂ ಅಗ್ಗ, ಚಮಾರ್ತಿನ್ ಕೆಲವೇ ಸ್ಟೇಷನ್ ದೂರ. ವಿಮಾನ ನಿಲ್ದಾಣದ ಟರ್ಮಿನಲ್ 4ರಿಂದ ಚಮಾರ್ತಿನ್‌ಗೆ ನೇರ ಲೋಕಲ್ ರೈಲೂ ಇದೆ. ಆದರೆ ಇಳಿಯುವುದು ತಡರಾತ್ರಿಯಾದರೆ ಲೆಕ್ಕ ಬೇರೆ. ಮೆಟ್ರೊ ರಾತ್ರಿ ಒಂದೂವರೆಗೆ ನಿಂತರೆ ಮತ್ತೆ ಬೆಳಿಗ್ಗೆ ಆರಕ್ಕೇ. 203ನೇ ನಂಬರಿನ ಏರ್‌ಪೋರ್ಟ್ ಬಸ್ ಮಾತ್ರ ರಾತ್ರಿಯಿಡೀ ಓಡುತ್ತದೆ, ಟಿಕೆಟ್ 5 ಯೂರೊ.

ಇನ್ನು ರೂಮಿನ ವಿಷಯ. ಇಬ್ಬರಿದ್ದೀರಿ, ಅದೇ ನಿಮಗೆ ಅನುಕೂಲ. ಡಾರ್ಮಿಟರಿಯಲ್ಲಿ ತಲಾ ಒಂದು ಹಾಸಿಗೆ ಹಿಡಿದರೆ ಇಬ್ಬರಿಗೆ ಎಷ್ಟಾಗುತ್ತದೋ, ಅದಕ್ಕೆ ಸ್ವಲ್ಪ ಸೇರಿಸಿದರೆ ಎಷ್ಟೋ ಸಲ 'ಒಸ್ತಾಲ್'ನಲ್ಲಿ ಇಬ್ಬರಿಗೆ ಒಂದು ರೂಮೇ ಸಿಗುತ್ತದೆ. ಇದು ಡಾರ್ಮಿಟರಿಯ ಹಾಸ್ಟೆಲ್ ಅಲ್ಲ. ಹಳೇ ಕಟ್ಟಡದ ಒಂದೋ ಎರಡೋ ಮಹಡಿಯಲ್ಲಿ ಮನೆಯವರೇ ನಡೆಸುವ ಸಣ್ಣ ಲಾಡ್ಜು. ಸ್ನಾನದ ಮನೆ ಹಂಚಿಕೊಳ್ಳುವ ರೂಮು ಇನ್ನೂ ಅಗ್ಗ. ಬುಕ್ ಮಾಡುವ ಮುಂಚೆ ಎರಡು ವಿಷಯ ಕೇಳಿ: ಲಿಫ್ಟ್ ಇದೆಯಾ, ರಾತ್ರಿ ಹತ್ತರ ಮೇಲೆ ಬಂದರೆ ಬಾಗಿಲು ಯಾರು ತೆಗೆಯುತ್ತಾರೆ. ಗೊರಕೆ ಹೊಡೆಯುವವರ ಜೊತೆ ಮಲಗುವುದಕ್ಕೆ ಮುಂದೆ ಬೇಕಾದಷ್ಟು ರಾತ್ರಿ ಇವೆ. ವಿಮಾನ ಇಳಿದ ಆ ಒಂದು ರಾತ್ರಿ ನಿದ್ದೆಗೋಸ್ಕರ ಹತ್ತಿಪ್ಪತ್ತು ಯೂರೊ ಜಾಸ್ತಿ ಹೋದರೆ ನಾನಂತೂ ತಪ್ಪು ಅನ್ನಲ್ಲ.

ಮರುದಿನ ಸಾರಿಯಾ ರೈಲಿಗೆ ಔರೆನ್ಸೆಯಲ್ಲೋ ಮೊನ್‌ಫೋರ್ತೆಯಲ್ಲೋ ಬದಲಾಯಿಸಬೇಕಾಗಬಹುದು, ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಕ್ರೆಡೆನ್ಸಿಯಲ್ ಸಾರಿಯಾದಲ್ಲೇ ಸಿಗುತ್ತದೆ.

ಪ್ರಶ್ನೆ: ವೀಸಾಕ್ಕೆ ಎಲ್ಲ ರಾತ್ರಿಗೂ ರೂಮ್ ಬುಕಿಂಗ್ ತೋರಿಸಬೇಕಂತೆ. ಅಲ್ಬೆರ್ಗೆಯವರು ಬುಕಿಂಗ್ ತೆಗೆದುಕೊಳ್ಳಲ್ಲ. ಏಜೆಂಟ್ 'ಸುಮ್ನೆ ಡಮ್ಮಿ ಬುಕಿಂಗ್ ಹಾಕೋಣ' ಅಂತಾರೆ. ಮಾಡಬಹುದಾ?

ಉತ್ತರ: ಬೇಡ ಸರ್. ಸಿಕ್ಕಿಬಿದ್ದರೆ ವೀಸಾ ತಿರಸ್ಕಾರ ನಿಮ್ಮ ಹೆಸರಿಗೆ, ಏಜೆಂಟ್ ಹೆಸರಿಗಲ್ಲ. ಬುಕಿಂಗ್ ತೆಗೆದುಕೊಳ್ಳದಿರುವುದು ಸರ್ಕಾರಿ ಅಲ್ಬೆರ್ಗೆಗಳು. ಖಾಸಗಿ ಅಲ್ಬೆರ್ಗೆ, ಪೆನ್ಶನ್ ಅನ್ನುವ ಸಣ್ಣ ಲಾಡ್ಜುಗಳು ಧಾರಾಳವಾಗಿ ತೆಗೆದುಕೊಳ್ಳುತ್ತವೆ. ಸಾರಿಯಾದಿಂದ ನಡೆಯುವುದು ಸುಮಾರು 115 ಕಿಲೋಮೀಟರ್. ಸಾಮಾನ್ಯವಾಗಿ ಜನ ಪೋರ್ತೊಮರಿನ್, ಪಲಾಸ್ ದೆ ರೇ, ಅರ್ಸುವಾ, ಓ ಪೆದ್ರೌಸೊ ಹೀಗೆ ನಿಲ್ಲುತ್ತಾ ಐದನೇ ದಿನ ಸಾಂತಿಯಾಗೊ ಮುಟ್ಟುತ್ತಾರೆ. ಇಷ್ಟೂ ಊರಲ್ಲಿ, ಜೊತೆಗೆ ಮ್ಯಾಡ್ರಿಡ್‌ನಲ್ಲಿ, ಉಚಿತವಾಗಿ ರದ್ದು ಮಾಡಬಹುದಾದ ರೂಮನ್ನು ನಿಜವಾಗಿಯೇ ಹಿಡಿಯಿರಿ. ಅದು ಡಮ್ಮಿ ಅಲ್ಲ, ಪ್ಲಾನ್ ಬದಲಾದರೆ ಗಡುವಿನೊಳಗೆ ಬಿಟ್ಟುಕೊಡಬಹುದು. ದಿನಕ್ಕೊಂದು ಸಾಲಿನ ನಡಿಗೆ ಪಟ್ಟಿಯನ್ನೂ ಕವರಿಂಗ್ ಲೆಟರ್‌ಗೆ ಸೇರಿಸಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಹೇಗೂ ಬೇಕೇ ಬೇಕು.

ಪ್ರಶ್ನೆ: ವಯಸ್ಸು 24, ಒಬ್ಬನೇ. ಜೂನ್ ಕೊನೆಗೆ ಪೋರ್ಚುಗಲ್‌ನ ಪೋರ್ತೊದಿಂದ ನಡೆಯುತ್ತೇನೆ. ಡಾರ್ಮ್ ಆದರೂ ಪರವಾಗಿಲ್ಲ, ಅಗ್ಗ ಇರಬೇಕು.

ಉತ್ತರ: ಮೊದಲು ತಾರೀಖು ನೋಡಪ್ಪಾ. ಜೂನ್ 23ರ ರಾತ್ರಿ ಪೋರ್ತೊದಲ್ಲಿ ಸಾವೊ ಜೊವಾವೊ ಹಬ್ಬ, ಇಡೀ ಊರು ಬೀದಿಯಲ್ಲಿರುತ್ತದೆ. ಅವತ್ತು ಡಾರ್ಮ್ ಹಾಸಿಗೆಗೂ ಹೋಟೆಲ್ ರೇಟು ಕೇಳಿದರೆ ಆಶ್ಚರ್ಯವಿಲ್ಲ. ಎರಡು ದಿನ ಆಚೀಚೆ ಮಾಡಿಕೊಂಡರೆ ಬಚಾವ್. ಇಲ್ಲಿ ಮ್ಯಾಡ್ರಿಡ್ ಲೆಕ್ಕ ಅಲ್ಲ. ಪೋರ್ತೊ ಊರೇ ದಾರಿಯ ಮೇಲಿದೆ, ಯಾತ್ರಿಗಳಿಗೆ ಅಂತಲೇ ನಡೆಯುವ ಅಲ್ಬೆರ್ಗೆಯೂ ಊರೊಳಗೆ ಸಿಗುತ್ತದೆ. ಸೇ ಅನ್ನುವ ದೊಡ್ಡ ಚರ್ಚಿನಲ್ಲಿ ಕ್ರೆಡೆನ್ಸಿಯಲ್ ಕೊಡುತ್ತಾರೆ, ಮೊದಲ ಮುದ್ರೆಯೂ ಅಲ್ಲೇ. ಬುಕಿಂಗ್ ಸೈಟಿನ ರೇಟಿಗೆ ನಗರದ ಪ್ರವಾಸಿ ತೆರಿಗೆ ಸೇರಿದೆಯಾ ನೋಡು. ರಾತ್ರಿಗೆ ತಲಾ 3 ಯೂರೊ, ಎಷ್ಟೋ ಕಡೆ ಕೌಂಟರಿನಲ್ಲಿ ಬೇರೆಯಾಗಿ ಕೇಳುತ್ತಾರೆ. ಒಂದು ಬೀಗ, ಕಿವಿಗೆ ಇಯರ್‌ಪ್ಲಗ್ ಇರಲಿ. ಬ್ಯಾಗನ್ನು ಹಾಸಿಗೆ ಮೇಲೆ ಇಡಬೇಡ, ತಿಗಣೆ ಬ್ಯಾಗಿಗೆ ಹತ್ತುವುದು ಹಾಗೇ.

ಪ್ರಶ್ನೆ: ನಾವು ಫ್ರಾನ್ಸ್‌ನ ಸೇಂಟ್ ಜಾನ್‌ನಿಂದ ಶುರು ಮಾಡುವವರು. ಜುಲೈ 8ಕ್ಕೆ ಪಾಂಪ್ಲೋನಾದಲ್ಲಿ ಉಳಿದು ಹೋಗೋಣ ಅಂತ.

ಉತ್ತರ: ಬೇರೆ ದಿನ ನೋಡಿ. ಜುಲೈ 6ರಿಂದ 14 ಅಲ್ಲಿ ಗೂಳಿ ಓಟದ ಸಾನ್ ಫೆರ್ಮಿನ್ ಹಬ್ಬ. ರೂಮು ಸಿಕ್ಕರೂ ನಿದ್ದೆ ಸಿಗಲ್ಲ. ಫ್ರಾನ್ಸ್ ಕಡೆಯ ಬಯೋನ್ ಮೂಲಕ ಹೋಗಬಹುದು, ಅಲ್ಲಿಂದ ಸೇಂಟ್ ಜಾನ್‌ಗೆ ರೈಲು ಸುಮಾರು ಒಂದು ಗಂಟೆ. ಆದರೆ ಬಯೋನ್ ಊರಹಬ್ಬವೂ ಜುಲೈನಲ್ಲೇ, ಅದರ ತಾರೀಖೂ ನೋಡಿಕೊಂಡು ಅಲ್ಲಿ ನಿಲ್ಲದೆ ನೇರ ಸೇಂಟ್ ಜಾನ್‌ಗೇ ಹೋಗಿ ಉಳಿಯುವುದು ಒಳ್ಳೇದು.

ಪ್ರಶ್ನೆ: ಸೂಟ್‌ಕೇಸ್ ಏನು ಮಾಡೋದು? ಮ್ಯಾಡ್ರಿಡ್‌ನಲ್ಲೇ ಬಿಟ್ಟು ಹೋಗಬಹುದಾ?

ಉತ್ತರ: ವಾಪಸ್ ವಿಮಾನ ಮ್ಯಾಡ್ರಿಡ್‌ನಿಂದಲೇ ಆದರೆ ನೀವು ಉಳಿದುಕೊಂಡ ಜಾಗದವರನ್ನು ಕೇಳಿ ನೋಡಿ, ವಾಪಸ್ ಬರುವಾಗಲೂ ಅಲ್ಲೇ ಒಂದು ರಾತ್ರಿ ಬುಕ್ ಮಾಡಿದವರಿಗೆ ಕೆಲವರು ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಸ್ಪೇನಿನ ಅಂಚೆ ಇಲಾಖೆ ಕೊರ್ರೆಯೋಸ್ ದುಡ್ಡು ತೆಗೆದುಕೊಂಡು ಸಾಂತಿಯಾಗೊಗೆ ಸಾಗಿಸಿ, ನೀವು ಬರುವವರೆಗೆ ಇಟ್ಟಿರುತ್ತದೆ. ಪಾಸ್‌ಪೋರ್ಟ್, ಮಾತ್ರೆ ಅದರೊಳಗೆ ಹಾಕಬೇಡಿ.