ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ ಇನ್ಫಿನಿಟ್: ಕೈಗೆ ಹಬ್ಬ, ಕಣ್ಣಿಗೆ ಉಪವಾಸ

ನೀವು ಕೇಳಿದ್ದು ಇದು: "ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ ಇನ್ಫಿನಿಟ್ ಡಿಸ್ಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ಬೆಲೆಗೆ ಸಿಗ್ತಾ ಇದೆ. ಆದರೆ ಕೇಳಿದವರೆಲ್ಲ ಬೈಯುತ್ತಾರೆ. ಹಳೆಯ ಅಭಿಮಾನಿಗಳೇ ಹೇಳಿ, ನಿಜವಾಗಲೂ ಅಷ್ಟು ಕೆಟ್ಟದಾ?"

ಕೆಟ್ಟ ಆಟ ಅಲ್ಲ. ಗೊತ್ತಿಲ್ಲದವರಿಗೆ: ಮಾರ್ವೆಲ್ ಕಾಮಿಕ್ಸ್‌ನ ಹೀರೋಗಳೂ ಕ್ಯಾಪ್ಕಾಮ್ ಕಂಪನಿಯ ವಿಡಿಯೊ ಗೇಮ್ ಪಾತ್ರಗಳೂ ಎದುರುಬದುರು ನಿಂತು ಹೊಡೆದಾಡುವ ಗೇಮ್ ಸರಣಿ ಇದು. ಕಂಟ್ರೋಲರ್ ಹಿಡಿದು ಕೂತರೆ ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಆಟಗಳಲ್ಲಿ ಇದೂ ಒಂದು. ಆದರೂ ಇದು ಬಂದ ವಾರ ಆದ ಬೇಸರ ನನಗೆ ಇನ್ನೂ ಹೋಗಿಲ್ಲ. ಯಾಕೆ ಅಂತ ಸ್ವಲ್ಪ ಹಿಂದಿನಿಂದ ಹೇಳಬೇಕು.

ಈ ಸರಣಿಯ ಹುಚ್ಚು ನನಗೆ ಹಿಡಿದದ್ದು ಚಿಕ್ಕಪ್ಪನ ಮನೆಯ ಪ್ಲೇಸ್ಟೇಷನ್‌ನಲ್ಲಿ. 1998ರಲ್ಲಿ ಆರ್ಕೇಡ್‌ಗೆ (ಪಾರ್ಲರ್‌ನಲ್ಲಿ ಕಾಸು ಹಾಕಿ ಆಡುವ ಯಂತ್ರಕ್ಕೆ) ಬಂದ ಮೊದಲ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ ಆಮೇಲೆ ಅದಕ್ಕೂ ಬಂದಿತ್ತು. ಆರ್ಕೇಡ್‌ನಲ್ಲಿ ಇಬ್ಬರನ್ನು ಆರಿಸಿಕೊಂಡು, ಆಟದ ಮಧ್ಯೆ ಒಬ್ಬನನ್ನು ಆಚೆ ಕಳಿಸಿ ಇನ್ನೊಬ್ಬನನ್ನು ಕರೆಸಬಹುದಿತ್ತು. ಆದರೆ ಆ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಬರೀ 2 ಎಂಬಿ. ಎರಡೂ ಕಡೆಯ ನಾಲ್ಕು ಜನರ ಚಿತ್ರಗಳು ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮಾಮೂಲಿ ಆಟದಲ್ಲಿ ಆಳು ಬದಲಾಯಿಸುವುದನ್ನೇ ತೆಗೆದುಬಿಟ್ಟಿದ್ದರು. ಜೊತೆಗಾರ ಕರೆದಾಗ ಬಂದು, ಒಂದೇಟು ಕೊಟ್ಟು ಹೋಗುತ್ತಿದ್ದ ಅಷ್ಟೇ. ಚಿಕ್ಕಪ್ಪನ ಮಗನಿಗೂ ನನಗೂ ಇದು ಗೊತ್ತೇ ಇರಲಿಲ್ಲ. ಒಂದು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಪಾರ್ಲರ್‌ನಲ್ಲಿ ಅದೇ ಆಟ ನೋಡಿದೆವು. ಏಟು ತಿಂದು ಸುಸ್ತಾದ ಕ್ಯಾಪ್ಕಾಮ್‌ನ ರ‍್ಯೂ ಆಚೆ ಹೋದ, ಮಾರ್ವೆಲ್‌ನ ವುಲ್ವರಿನ್ ಒಳಗೆ ಹಾರಿ ಬಂದ. ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆವು. ಇದು ಇಬ್ಬರು ಸೇರಿ ಆಡುವ ಜಗಳ ಅಂತ ಅವತ್ತೇ ಅರ್ಥವಾಗಿದ್ದು.

ಆ ಖುಷಿಯನ್ನು ಇನ್ಫಿನಿಟ್ ಹಿಡಿದ ಹಾಗೆ ಬೇರೆ ಯಾವ ಆಟವೂ ಹಿಡಿದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಬಂದಾಗ ಎರಡನೇ, ಮೂರನೇ ಆಟದಲ್ಲಿದ್ದ ಮೂವರ ತಂಡ ಹೋಗಿ ಮತ್ತೆ ಇಬ್ಬರ ಜೋಡಿ ಆಗಿತ್ತು. ಜೊತೆಗಾರನನ್ನು ಕರೆದು ಒಂದೇಟು ಹೊಡೆಸುವ ಅಸಿಸ್ಟ್ ಪೂರ್ತಿ ಹೋಗಿತ್ತು. ಅದರ ಬದಲು, ಒಂದು ಬಟನ್ ಒತ್ತಿದರೆ ಆಟದ ಮಧ್ಯೆಯೇ ಆಳು ಬದಲು. ನನ್ನ ಹಳೇ ಪ್ಲೇಸ್ಟೇಷನ್ ಆಟಕ್ಕೆ ಪೂರ್ತಿ ತಿರುಗುಮುರುಗು, ಅಲ್ವಾ?

ಒಂದು ಉದಾಹರಣೆ ಹೇಳುತ್ತೇನೆ. ಕ್ರಿಸ್ ರೆಡ್‌ಫೀಲ್ಡ್ ದೂರದಲ್ಲಿ ನಿಂತು ಗುಂಡು ಹಾರಿಸುತ್ತಿದ್ದಾನೆ. ಎದುರಾಳಿ ತಡೆದುಕೊಂಡು ನಿಂತಿದ್ದಾನೆ. ಗುಂಡು ಇನ್ನೂ ಹಾರುತ್ತಿರುವಾಗಲೇ ಬದಲಿಸುವ ಬಟನ್ ಒತ್ತುತ್ತೀರಿ. ಕ್ರಿಸ್ ತನ್ನ ಪಾಡಿಗೆ ತನ್ನ ಕೆಲಸ ಮುಗಿಸುತ್ತಾನೆ. ಅಷ್ಟರಲ್ಲಿ ಸ್ಪೈಡರ್‌ಮ್ಯಾನ್ ಓಡಿ ಬಂದಿರುತ್ತಾನೆ, ಈಗ ನಿಮ್ಮ ಕೈಯಲ್ಲಿರುವುದು ಅವನು. ಎದುರಾಳಿಯ ತಲೆ ಮೇಲಿಂದ ಹಾರಿ ಹಿಂದಿನಿಂದ ಹೊಡೆಯಬಹುದು, ಇಲ್ಲಾ ಕಾಲಿಗೆ ಹೊಡೆಯಬಹುದು. ಅವನು ಯಾವ ಕಡೆ ತಡೆಯಬೇಕು? ಈ ಜೋಡಿ ಆಟವನ್ನು ಯಾರೂ ಮೊದಲೇ ಬರೆದಿಟ್ಟಿಲ್ಲ. 30 ಪಾತ್ರಗಳಲ್ಲಿ ಯಾರನ್ನು ಯಾರ ಜೊತೆ ಸೇರಿಸಿದರೂ ಹೊಸದೇನೋ ಹುಟ್ಟುತ್ತದೆ. ನಾನೂ ಚಿಕ್ಕಪ್ಪನ ಮಗನೂ ಒಂದೊಂದು ಭಾನುವಾರ ಮಧ್ಯಾಹ್ನ ಇದರಲ್ಲೇ ಕಳೆದಿದ್ದೇವೆ, ಇನ್ನೂ ಹೊಸ ಜೋಡಿ ಸಿಗುತ್ತಲೇ ಇರುತ್ತದೆ.

ಜೊತೆಗೆ ಬೇರೆ ಬೇರೆ ಶಕ್ತಿ ಕೊಡುವ ಆರು ಇನ್ಫಿನಿಟಿ ಸ್ಟೋನ್‌ಗಳಿವೆ, ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಸ್ಪೇಸ್ ಸ್ಟೋನ್ ಎದುರಾಳಿಯನ್ನು ಒಂದು ಪೆಟ್ಟಿಗೆಯೊಳಗೆ ಕೂಡಿಹಾಕುತ್ತದೆ. ನನಗೆ ಇಷ್ಟ ಸೋಲ್ ಸ್ಟೋನ್. ಸೋತು ಬಿದ್ದ ಜೊತೆಗಾರ ಎದ್ದು ಬಂದು, ಸ್ವಲ್ಪ ಹೊತ್ತು ಇಬ್ಬರೂ ಒಟ್ಟಿಗೆ ಹೋರಾಡುತ್ತಾರೆ. ಸೋತೇ ಹೋಯಿತು ಅಂದುಕೊಂಡ ಆಟ ಹೀಗೆ ತಿರುಗಿದಾಗ ಮೈ ಜುಮ್ಮೆನ್ನುತ್ತದೆ.

ಸರಿ, ಇನ್ನು ಬೇಸರದ ವಿಷಯ. ಆಟದಲ್ಲಿ ಎಕ್ಸ್-ಮೆನ್, ಅಂದರೆ ವುಲ್ವರಿನ್ ಇರುವ ಮಾರ್ವೆಲ್ ತಂಡದವರು ಇಲ್ಲ. ಒಬ್ಬರೂ ಇಲ್ಲ. ಈ ಇಡೀ ಪರಂಪರೆ ಶುರುವಾದದ್ದೇ 1994ರ ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆ್ಯಟಮ್‌ನಿಂದ. ಅಲ್ಲಿಂದ 2011ರ ಅಲ್ಟಿಮೇಟ್ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 3ರ ತನಕ ವುಲ್ವರಿನ್ ಇಲ್ಲದ ಒಂದು ಆಟ ಇರಲಿಲ್ಲ. ಎಕ್ಸ್-ಮೆನ್ ಕಥೆಗಳ ಮ್ಯಾಗ್ನೀಟೊ, ಸ್ಟಾರ್ಮ್, ಸೆಂಟಿನೆಲ್ ಮೂವರನ್ನು ತೆಗೆದರೆ 2000ದ ಎರಡನೇ ಆಟದ ಟೂರ್ನಮೆಂಟ್‌ಗಳ ಕಥೆಯೇ ಅರ್ಧ ಹೋಗುತ್ತದೆ. ಅವರಿಲ್ಲದ ಈ ಆಟ ತೇರಿಲ್ಲದ ಜಾತ್ರೆ.

ಆಗ ಕ್ಯಾಪ್ಕಾಮ್ ಕಡೆಯಿಂದ ಬಂದ ಉತ್ತರ ನನಗೆ ಇನ್ನೂ ನೋವು ಕೊಟ್ಟಿತು. ಮ್ಯಾಗ್ನೀಟೊನಂತೆ ಎಂಟು ದಿಕ್ಕಿಗೂ ಹಾರಿ ನುಗ್ಗುವವರು ಬೇಕಾದರೆ ನೋವಾ ಇದ್ದಾನೆ, ಕ್ಯಾಪ್ಟನ್ ಮಾರ್ವೆಲ್ ಇದ್ದಾಳೆ, ಪಾತ್ರ ಅಂದರೆ ಅದು ಮಾಡುವ ಕೆಲಸವೇ ತಾನೇ, ಅನ್ನುವ ಅರ್ಥದ ಮಾತು. ಬರೀ ಬಟನ್ ಲೆಕ್ಕ ನೋಡಿದರೆ ಸರಿ ಇರಬಹುದು. ಆದರೆ ಎರಡು ಲೋಕದವರನ್ನು ಸೇರಿಸುವ ಆಟದಲ್ಲಿ ಅರ್ಧ ಸುಖ ಯಾರು ಬಂದಿದ್ದಾರೆ ಅನ್ನುವುದರಲ್ಲೇ ಇದೆ. ಪಾರ್ಲರ್‌ನಲ್ಲಿ ನಾವು ಬಾಯಿ ಬಿಟ್ಟು ನೋಡಿದ್ದು ಹತ್ತಿರ ನಿಂತು ಬೇಗ ಹೊಡೆಯುವ ಯಾರೋ ಒಬ್ಬನನ್ನಲ್ಲ, ವುಲ್ವರಿನ್‌ನನ್ನು.

ಇನ್ನು ನೋಟ. ಹಳೇ ಪಾತ್ರಗಳನ್ನೇ ತಿರುಗಿ ಹಾಕಿದರು ಅಂತ ತುಂಬಾ ಜನ ಬೈದರು. ಹಳೆಯದನ್ನು ಮತ್ತೆ ಬಳಸುವುದನ್ನು ನಾನು ತಪ್ಪು ಅನ್ನುವುದಿಲ್ಲ. ಎರಡನೇ ಆಟದ 56 ಪಾತ್ರಗಳಲ್ಲಿ ಎಷ್ಟೋ ಚಿತ್ರಗಳು ಹಳೆಯವೇ. ಮ್ಯಾಗ್ನೀಟೊ ಚಿತ್ರ 1994ರದ್ದು. ಆದರೆ ಅದು ಕೈಯಲ್ಲಿ ಬಿಡಿಸಿದ್ದು, ಸುಮ್ನೆ ನಿಂತಾಗಲೂ ಅವನ ಗತ್ತು ಕಾಣುತ್ತದೆ. ಮೂರನೇ ಆಟದಲ್ಲೂ ಕಾಮಿಕ್ ಪುಸ್ತಕದ ಹಾಗೆ ದಪ್ಪ ಕಪ್ಪು ನೆರಳಿತ್ತು. ಇನ್ಫಿನಿಟ್‌ನಲ್ಲಿ ಆ ಗುಣವೇ ಇಲ್ಲ. ಬಣ್ಣ ಮಂಕು, ಮುಖಗಳು ಮೇಣದ ಬೊಂಬೆ ಹಾಗೆ. 2017ರ ಜೂನ್‌ನ ಡೆಮೊದಲ್ಲಿ ಕ್ಯಾಪ್ಕಾಮ್‌ನ ಹಳೇ ನಾಯಕಿ ಚುನ್-ಲೀ ಮುಖ ನೋಡಿ ಜನ ಗಲಾಟೆ ಮಾಡಿದ ಮೇಲೆ ತಿದ್ದಿದರು. ಅವಳೊಬ್ಬಳ ಮುಖ ತಿದ್ದಿದರೆ ಸಾಲದು. ಎರಡು ಲೋಕದ ಖಳನಾಯಕರಾದ ಅಲ್ಟ್ರಾನ್ ಮತ್ತು ಸಿಗ್ಮಾ ಒಂದಾಗುವ ಕಥೆಯ ಭಾಗವನ್ನು ಒಂದು ಸಲ ನೋಡಿದೆ, ಮತ್ತೆ ಆ ಕಡೆ ಹೋಗಿಲ್ಲ.

ಇದಕ್ಕೆ ಬೆಲೆ ತೆತ್ತದ್ದು ಆಟ. ಆಮೇಲೆ ಬಂದದ್ದು ಬ್ಲ್ಯಾಕ್ ಪ್ಯಾಂಥರ್, ವೆನಮ್ ಸೇರಿ ಆರೇ ಹೊಸ ಪಾತ್ರ, ಅದೂ 2017ರೊಳಗೇ ಮುಗಿಯಿತು. 2018ರ ಜನವರಿಯಲ್ಲಿ ಡ್ರ್ಯಾಗನ್ ಬಾಲ್ ಫೈಟರ್‌ಝಡ್ ಅನ್ನುವ ಇನ್ನೊಂದು ಹೊಡೆದಾಟದ ಆಟ ಬಂತು. ಕಾರ್ಟೂನೇ ಎದ್ದು ಬಂದ ಹಾಗೆ ಇತ್ತು, ಜನ ಆ ಕಡೆ ಹೋದರು. ಆ ವರ್ಷ ಇಂಥ ಆಟಗಳ ದೊಡ್ಡ ಸ್ಪರ್ಧೆಯಾದ ಇವೊ ಟೂರ್ನಮೆಂಟ್‌ನ ಮುಖ್ಯ ಪಟ್ಟಿಯಲ್ಲಿ ಇನ್ಫಿನಿಟ್ ಹೆಸರೇ ಇರಲಿಲ್ಲ. ಇಷ್ಟು ಚೆನ್ನಾಗಿ ಆಡಿಸುವ ಆಟವನ್ನು ಜನ ಆಡದೇ ಬಿಟ್ಟರಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ತಗೊಳ್ಳಬೇಕಾ? ಪಕ್ಕದಲ್ಲಿ ಕೂತು ಆಡೋಕೆ ಇನ್ನೊಬ್ಬರಿದ್ದರೆ ಯೋಚನೆ ಮಾಡಬೇಡಿ, ತಗೊಳ್ಳಿ. ಒಬ್ಬರೇ ಆಡುವವರಾದರೆ, ಅಥವಾ ಈ ಸರಣಿಯನ್ನೇ ಮೊದಲು ಮುಟ್ಟುತ್ತಿದ್ದರೆ, 2024ರಲ್ಲಿ ಬಂದ ಹಳೇ ಆರ್ಕೇಡ್ ಆಟಗಳ ಸಂಗ್ರಹ ತಗೊಳ್ಳಿ. ಏಳು ಆಟಗಳಿವೆ, ಎಕ್ಸ್-ಮೆನ್ ಕೂಡ ಇದ್ದಾರೆ, ಆಳು ಬದಲಾಯಿಸುವುದೂ ಇದೆ. ಪಿಸಿ ಇದ್ದರೆ ಇನ್ಫಿನಿಟ್‌ನ ನೋಟವನ್ನು ಕಾಮಿಕ್ ಥರ ಬದಲಾಯಿಸಲು ಅಭಿಮಾನಿಗಳೇ ಮಾಡಿರುವ ಮಾಡ್ (ಆಟವನ್ನು ಮಾರ್ಪಡಿಸುವ ಫೈಲ್) ಇದೆ, ಅದನ್ನು ಹಾಕಿಕೊಂಡೇ ಆಡಿ.

ಡಿಸ್ಕ್ ತಂದರೆ ಕಥೆ ಬಿಟ್ಟು ನೇರ ಟ್ರೈನಿಂಗ್‌ಗೆ ಹೋಗಿ. ಕ್ರಿಸ್, ಸ್ಪೈಡರ್‌ಮ್ಯಾನ್ ಆರಿಸಿಕೊಂಡು, ಗುಂಡು ಹಾರುವಾಗ ಆಳು ಬದಲಾಯಿಸುವುದೊಂದನ್ನೇ ಅರ್ಧ ಗಂಟೆ ಮಾಡಿ. ಆಮೇಲೆ ಪಕ್ಕದವರ ಕೈಗೆ ಎರಡನೇ ಕಂಟ್ರೋಲರ್ ಕೊಡಿ.