ರಿಜಿಸ್ಟರಿನ ಕಾಲಂ ಮತ್ತು ರೋಗಿಯ ಮೈ

ಓದುಗರ ಪತ್ರ: ‘ಟ್ರಾನ್ಸ್‌ಜೆಂಡರ್ ಸಮುದಾಯದವರಿಗೂ ಕ್ಯಾನ್ಸರ್ ತಪಾಸಣೆ ಸಿಗಬೇಕು ಎಂಬ ಹಿಂದಿನ ಸಂಚಿಕೆಯ ಲೇಖನ ಓದಿದೆ. ನಾನು ಸರ್ಕಾರಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದು ನಿವೃತ್ತನಾದವನು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೇ ಈ ಪರೀಕ್ಷೆಗಳು ಸಿಕ್ಕಿಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ‘ಇತರೆ’ ಎಂದು ಬರೆಸಿದವರು 20,266 ಮಂದಿ. ಇಷ್ಟು ಜನರಿಗಾಗಿ ವ್ಯವಸ್ಥೆಯನ್ನೇ ಬದಲಿಸಬೇಕೆ? ಇದು ಹೊರದೇಶದಿಂದ ಬಂದ ಗೀಳು. ತಮ್ಮ ಪತ್ರಿಕೆ ಅದರ ಬೆನ್ನು ಹತ್ತಬಾರದು.’ – ಒಬ್ಬ ಹಳೆಯ ಚಂದಾದಾರ, ಶಿವಮೊಗ್ಗ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮಾತಿನಲ್ಲಿರುವ ಸತ್ಯವನ್ನು ಮೊದಲೇ ಒಪ್ಪಿಬಿಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ. ಸ್ತನದ ತಪಾಸಣೆ ಶೇ 0.9. ನೂರಕ್ಕೆ ಒಬ್ಬರೂ ಇಲ್ಲ. ಈ ವಿಷಯದಲ್ಲಿ ನಿಮ್ಮ ಸಿಟ್ಟೂ ನನ್ನ ಸಿಟ್ಟೂ ಒಂದೇ. ಆದರೆ ಪಂಕ್ತಿಯ ಮೊದಲಿನವರಿಗೇ ಅನ್ನ ಬಡಿಸಿಲ್ಲ ಎಂಬ ಕಾರಣಕ್ಕೆ ಕೊನೆಯಲ್ಲಿ ಕೂತವರ ಎಲೆ ಎತ್ತಿಬಿಡುವುದು ಯಾವ ನ್ಯಾಯ, ಸ್ವಾಮಿ?

ನೀವು ದಾಖಲೆ ವಿಭಾಗದಲ್ಲಿದ್ದವರು ಎಂದು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಇದು ಅಷ್ಟರಮಟ್ಟಿಗೆ ದಾಖಲೆಯ ವಿಷಯ. ವೈದ್ಯರಿಗಿಂತ ನಿಮಗೇ ಬೇಗ ಅರ್ಥವಾಗುತ್ತದೆ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗೆ ಬಿ.ಪಿ., ಯಾರಿಗೆ ಸಕ್ಕರೆ ಕಾಯಿಲೆ ಎಂದೆಲ್ಲ ಕೇಳಿದ ಮೇಲೆ ರೋಗಲಕ್ಷಣಗಳ ಪಟ್ಟಿ ಬರುತ್ತದೆ. ಅದರೊಳಗೆ ‘ಮಹಿಳೆಯರಿಗೆ ಮಾತ್ರ’ ಎಂಬ ಒಂದು ಭಾಗ. ಸ್ತನದಲ್ಲಿ ಗಂಟಿದೆಯೇ? ಮೊಲೆತೊಟ್ಟಿನಿಂದ ರಕ್ತ ಬೆರೆತ ದ್ರವ ಬರುತ್ತದೆಯೇ? ಮುಟ್ಟಿನ ನಡುವೆ ರಕ್ತಸ್ರಾವ ಆಗುತ್ತದೆಯೇ? ಮುಟ್ಟು ನಿಂತ ಮೇಲೆ? ಚೆನ್ನಾಗಿ ಆಯ್ದ ಪ್ರಶ್ನೆಗಳು, ತಕರಾರಿಲ್ಲ. ಈಗ ಹಾರ್ಮೋನ್ ತೆಗೆದುಕೊಂಡು ಸ್ತನ ಬೆಳೆದಿರುವ, ಆದರೆ ಆಧಾರ್ ಕಾರ್ಡಿನಲ್ಲಿ ಇನ್ನೂ ‘ಪುರುಷ’ ಎಂದಿರುವ ಟ್ರಾನ್ಸ್ ಮಹಿಳೆಯನ್ನು (ಗಂಡೆಂದು ದಾಖಲಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು) ಈ ನಮೂನೆಯ ಮುಂದೆ ಕೂರಿಸಿ. ಗಂಟಿನ ಪ್ರಶ್ನೆ ಅವರನ್ನು ದಾಟಿಹೋಗುತ್ತದೆ. ಮುಖದ ತುಂಬ ಗಡ್ಡವಿರುವ, ಗರ್ಭಕೋಶ ತೆಗೆಸಿಕೊಳ್ಳದ ಟ್ರಾನ್ಸ್ ಪುರುಷನನ್ನು (ಹೆಣ್ಣೆಂದು ದಾಖಲಾಗಿ ಹುಟ್ಟಿ ಗಂಡಾಗಿ ಬಾಳುವವರು) ಕೂರಿಸಿ. ರಕ್ತಸ್ರಾವದ ಪ್ರಶ್ನೆ ಕೇಳಲು ಕಾರ್ಯಕರ್ತೆಗೆ ಬಾಯಿಯೇ ಬರುವುದಿಲ್ಲ, ಪುಟ ತಿರುಗುತ್ತದೆ. ರೋಗ ಮಾತ್ರ ಕಾಲಂ ನೋಡಿ ಬರುವುದಿಲ್ಲವಲ್ಲ. ಇರುವ ಅಂಗವನ್ನು ಕೇಳಿ, ಬರೆದ ಲಿಂಗವನ್ನಲ್ಲ ಎನ್ನುವುದಷ್ಟೇ ನನ್ನ ವಾದ. ಬೇಸರವಾಗುವಷ್ಟು ಸಲ ಇದನ್ನು ಈ ಪುಟಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ನಮ್ಮ ಪತ್ರಿಕೆಗೆ ಆಗೀಗ ಅನುವಾದ ಮಾಡಿಕೊಡುವ ಟ್ರಾನ್ಸ್ ಪುರುಷರೊಬ್ಬರ ಜೊತೆ ನಾನು ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಹೊರರೋಗಿ ಚೀಟಿಯಲ್ಲಿ ‘ಗಂಡು, 38’ ಎಂದು ಮುದ್ರಣವಾಯಿತು. ಹೋಗಬೇಕಾದದ್ದು ಸ್ತ್ರೀರೋಗ ವಿಭಾಗಕ್ಕೆ. ಬಾಗಿಲಲ್ಲಿದ್ದ ಕಾವಲುಗಾರ ಚೀಟಿಯನ್ನೂ ನೋಡದೆ, ‘ಗಂಡಸರು ಮೆಟ್ಟಿಲ ಹತ್ತಿರ ನಿಲ್ಲಬೇಕು’ ಎಂದ. ಫ್ಲಾಸ್ಕು, ಸ್ಕ್ಯಾನಿಂಗ್ ಕವರು, ಹೆಂಡತಿಯ ಚಪ್ಪಲಿ ಹಿಡಿದು ನಿಂತಿದ್ದ ಗಂಡಂದಿರ ಸಾಲಿನಲ್ಲಿ ನಾವಿಬ್ಬರೂ ಸೇರಿಕೊಂಡೆವು. ಸರದಿ ಬಂದಾಗ ನರ್ಸ್ ಹೆಸರು ಕೂಗಿದರು. ಇವರು ಮುಂದೆ ಹೋದರೆ, ‘ಪೇಷಂಟ್ ಎಲ್ಲಿ? ಅವರನ್ನು ಕಳಿಸಿ’ ಎಂದರು. ‘ನಾನೇ ಪೇಷಂಟ್’ ಎಂದದ್ದು ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸಿತು. ಒಳಗಿದ್ದ ವೈದ್ಯೆ ಒರಟರೇನಲ್ಲ, ಅದನ್ನೂ ಹೇಳಬೇಕು. ಆದರೆ ಗಣಕಯಂತ್ರ ಒಪ್ಪಲಿಲ್ಲ. ‘ಗಂಡು’ ಎಂದು ದಾಖಲಾದವರ ಹೆಸರಿನಲ್ಲಿ ಗರ್ಭಕೊರಳಿನ ಜೀವಕೋಶ ಪರೀಕ್ಷೆಯಾದ ಪ್ಯಾಪ್ ಸ್ಮಿಯರ್‌ಗೆ ಬಿಲ್ ಹಾಕಲು ಅದರಲ್ಲಿ ದಾರಿಯಿರಲಿಲ್ಲ. ಕೆಳಗೆ ಹೋಗಿ ಚೀಟಿ ತಿದ್ದಿಸಿಕೊಂಡು ಬನ್ನಿ ಎಂದರು. ಕೆಳಗೆ ಹೋದವರು ನೇರ ಬಸ್ ನಿಲ್ದಾಣಕ್ಕೆ ನಡೆದರು. ಇಂಥವರು ಯಾವ ಸಮೀಕ್ಷೆಯ ಯಾವ ಶೇಕಡಾವಾರಿನಲ್ಲಿ ಸೇರುತ್ತಾರೆ ಎಂದು ನೀವೇ ಹೇಳಬೇಕು.

ಹೊರದೇಶದ ಮಾತೆತ್ತಿದ್ದೀರಿ. ಅಲ್ಲಿಯೂ ಎಲ್ಲ ಸರಿಯಿಲ್ಲ, ಕೇಳಿ. ಬ್ರಿಟನ್ನಿನಲ್ಲಿ ಗರ್ಭಕೊರಳಿನ ತಪಾಸಣೆಗೆ ಸರ್ಕಾರವೇ ಕಾಗದ ಬರೆದು ಕರೆಯುತ್ತದೆ. ಅಂಥದ್ದು ನಮಗೆ ಕನಸು. ಆದರೆ ವೈದ್ಯರ ದಾಖಲೆಯಲ್ಲಿ ‘ಪುರುಷ’ ಎಂದು ಬದಲಿಸಿಕೊಂಡವರಿಗೆ ಆ ಕಾಗದ ತಾನಾಗಿ ಬರುವುದಿಲ್ಲ. ‘ಮಹಿಳೆ’ ಎಂದು ಬದಲಿಸಿಕೊಂಡ, ಗರ್ಭಕೊರಳೇ ಇಲ್ಲದ ಟ್ರಾನ್ಸ್ ಮಹಿಳೆಗೆ ಬರುತ್ತದೆ! ಅಮೆರಿಕದ ಜಾರ್ಜಿಯಾದಲ್ಲಿದ್ದ ರಾಬರ್ಟ್ ಈಡ್ಸ್ ಎಂಬ ಟ್ರಾನ್ಸ್ ಪುರುಷನಿಗೆ ಅಂಡಾಶಯದ ಕ್ಯಾನ್ಸರ್ ಬಂದಾಗ ಇಪ್ಪತ್ತಕ್ಕೂ ಹೆಚ್ಚು ವೈದ್ಯರು ಚಿಕಿತ್ಸೆ ಕೊಡಲು ಒಪ್ಪಲಿಲ್ಲ. ಆತ 1999ರಲ್ಲಿ ತೀರಿಕೊಂಡ. ಅಂಡಾಶಯದ ಕ್ಯಾನ್ಸರಿಗೆ ವಾಡಿಕೆಯ ತಪಾಸಣೆ ಎಂಬುದು ಇಂದಿಗೂ ಇಲ್ಲ, ನಿಜ. ಆದರೆ ರೋಗ ಗೊತ್ತಾದ ಮೇಲೂ ಬಾಗಿಲು ಮುಚ್ಚಿದ್ದಕ್ಕೆ ಯಾವ ವಿಜ್ಞಾನದ ನೆಪವಿದೆ?

ಇನ್ನು ಅಂಕಿ ಅಂಶ. ಆಮ್‌ಸ್ಟರ್‌ಡ್ಯಾಮಿನ ವೈದ್ಯರು 2019ರಲ್ಲಿ, ಹಾರ್ಮೋನ್ ಪಡೆದ 2,260 ಟ್ರಾನ್ಸ್ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. ಅವರಲ್ಲಿ 15 ಮಂದಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ಇದು ಗಂಡಸರಲ್ಲಿ ಕಾಣುವ ಪ್ರಮಾಣದ 46 ಪಟ್ಟು. ಹೆಂಗಸರಲ್ಲಿ ಕಾಣುವುದಕ್ಕಿಂತ ತೀರ ಕಡಿಮೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಎಂದರೆ ಗಾಬರಿ ಬೀಳಬೇಕಾಗಿಲ್ಲ, ಕಣ್ಣು ಮುಚ್ಚಿಕೊಳ್ಳುವಂತೆಯೂ ಇಲ್ಲ. ಇದೆಲ್ಲ ತಿಳಿದದ್ದು ನಿಮ್ಮಂಥ ಯಾರೋ ದಾಖಲೆಯನ್ನು ನೆಟ್ಟಗೆ ಇಟ್ಟಿದ್ದರಿಂದ. ನಮ್ಮಲ್ಲಿ ಎಷ್ಟೋ ಟ್ರಾನ್ಸ್ ಮಹಿಳೆಯರು ಹಾರ್ಮೋನಿಗಾಗಿ ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ತಾವೇ ನುಂಗುತ್ತಾರೆ. ಎಷ್ಟು ವರ್ಷ, ಎಷ್ಟು ಪ್ರಮಾಣ ಎಂದು ಯಾರು ಬರೆದಿಟ್ಟಿದ್ದಾರೆ?

ನಿರ್ವಾಣ (ಸಮುದಾಯದ ರೂಢಿಯಂತೆ ಗಂಡು ಜನನಾಂಗ ತೆಗೆಸುವ ಕ್ರಮ) ಮಾಡಿಸಿಕೊಂಡವರ ಮೈಯಲ್ಲಿ ಪ್ರಾಸ್ಟೇಟ್ ಗ್ರಂಥಿ ಹಾಗೆಯೇ ಉಳಿದಿರುತ್ತದೆ. ಆಧುನಿಕ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆಯಲ್ಲಿಯೂ ಅದನ್ನು ತೆಗೆಯುವುದಿಲ್ಲ. ಮೇಲಾಗಿ ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ತೆಗೆದುಕೊಳ್ಳುವವರಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿ.ಎಸ್.ಎ. ರಕ್ತಪರೀಕ್ಷೆಯ ಅಂಕಿ ತಗ್ಗಿರುತ್ತದೆ. ಗಂಡಸರ ಅಳತೆಗೋಲಿನಿಂದ ನೋಡಿದರೆ ರೋಗವಿದ್ದರೂ ‘ನಾರ್ಮಲ್’ ಎಂದು ಬಂದೀತು. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವವರದು ಬೇರೆ ಫಜೀತಿ. ಬೋಸ್ಟನ್ನಿನ ಚಿಕಿತ್ಸಾಲಯವೊಂದರ ದಾಖಲೆಗಳ ಪ್ರಕಾರ (2014ರ ವರದಿ) ಟ್ರಾನ್ಸ್ ಪುರುಷರ ಪ್ಯಾಪ್ ಪರೀಕ್ಷೆಗಳಲ್ಲಿ ಶೇ 10.8 ಓದಲು ಬಾರದಂತೆ ಬಂದಿದ್ದವು. ಅಲ್ಲಿಗೇ ಬಂದ ಮಹಿಳೆಯರಲ್ಲಿ ಶೇ 1.3 ಮಾತ್ರ. ಅಷ್ಟು ಕಷ್ಟಪಟ್ಟು ಆ ಮೇಜಿನ ಮೇಲೆ ಮಲಗಿದವರಿಗೆ ‘ಇನ್ನೊಮ್ಮೆ ಬನ್ನಿ’ ಎನ್ನುವುದು. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಾಣುವನ್ನು ಹುಡುಕುವ, ತಾವೇ ಮರೆಯಲ್ಲಿ ಮಾದರಿ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಟ್ಟಿದೆ. ಅದು ಬಂದರೆ ಲಾಭ ಇವರಿಗಷ್ಟೇ ಅಲ್ಲ, ನೀವು ಹೇಳುವ ಹಳ್ಳಿಯ ಹೆಣ್ಣುಮಕ್ಕಳಿಗೂ. ಗಂಡಸು ಡಾಕ್ಟರ ಮುಂದೆ ಸೀರೆ ಸಡಿಲಿಸಲು ಒಪ್ಪದೆ ಮನೆಗೆ ಮರಳುವವರು ಅವರೇ ತಾನೇ?

ನನ್ನ ಹೊಟ್ಟೆಯುರಿ ಬೇರೆಡೆಯೂ ಇದೆ. ಈ ಜನರನ್ನು ಆರೋಗ್ಯ ಇಲಾಖೆ ಸೊಂಟದಿಂದ ಕೆಳಗೆ ಮಾತ್ರ ನೋಡಿದೆ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 15ನೇ ಸೆಕ್ಷನ್ ತೆರೆದು ನೋಡಿ. ಆರೋಗ್ಯದ ಹೆಸರಿನಲ್ಲಿ ಅದು ಹೇಳುವ ಮೊಟ್ಟಮೊದಲ ಮಾತು ಪ್ರತ್ಯೇಕ ಎಚ್‌ಐವಿ ನಿಗಾ ಕೇಂದ್ರಗಳ ಬಗ್ಗೆ. ಆಮೇಲೆ ಶಸ್ತ್ರಚಿಕಿತ್ಸೆ, ಹಾರ್ಮೋನು, ಸಮಾಲೋಚನೆ. ಕ್ಯಾನ್ಸರ್ ಎಂಬ ಪದವೇ ಇಲ್ಲ. ಬಾಯಿ ಎಂಬುದೊಂದು ಇವರಿಗೂ ಇದೆ ಎಂದು ಯಾರಿಗೂ ಹೊಳೆದಂತಿಲ್ಲ! ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ ಕೆಡಿಸುವುದು ಆ ಬಾಯಿಯನ್ನೇ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬೆಳಕು ಹಿಡಿದು ಬಾಯಿ ನೋಡಿಯೇ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವನ್ನು ಮೂರರಲ್ಲಿ ಒಂದು ಭಾಗದಷ್ಟು ತಗ್ಗಿಸಿದ್ದರು. ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2005ರಲ್ಲಿಯೇ ಬಂದಿದೆ. ಆಯುಷ್ಮಾನ್ ಯೋಜನೆಯಡಿ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆ ಕೊಡಲು 2022ರಲ್ಲಿ ಒಪ್ಪಂದವಾಗಿದೆ, ಸಂತೋಷ. ದವಡೆ ಕೊಯ್ಯಲು ಲಕ್ಷಗಟ್ಟಲೆ ಹಣವಿದೆ, ಅದಕ್ಕೂ ಮೊದಲು ‘ಬಾಯಿ ತೆಗೆಯಮ್ಮ’ ಎನ್ನುವವರಿಲ್ಲ. ನೀವು ಕೇಳಿದ ಖರ್ಚಿನ ಪ್ರಶ್ನೆಗೂ ಇದೇ ಉತ್ತರ: ಒಂದು ಟಾರ್ಚು, ನಮೂನೆಯಲ್ಲಿ ಒಂದು ಸಾಲಿನ ತಿದ್ದುಪಡಿ.

ಗೀಳು ಎಂದಿರಿ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರು ಯಾವ ವಿಮಾನದಲ್ಲಿ ಬಂದಿಳಿದರು? ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು; ನಾವೆಲ್ಲ ಆ ವಿಡಿಯೊ ನೋಡಿ ‘ನಮ್ಮ ಮಂಜಮ್ಮ’ ಎಂದು ಬೀಗಿದೆವು. ರಾಷ್ಟ್ರಪತಿ ಭವನದಲ್ಲಿ ನಮ್ಮವರು, ಹೊರರೋಗಿ ವಿಭಾಗದ ಸಾಲಿನಲ್ಲಿ ಹೊರದೇಶದವರೇ? 20,266 ಎಂಬ ಅಂಕಿಯನ್ನೂ ಅತಿಯಾಗಿ ನಂಬಬೇಡಿ. ಜನಗಣತಿಯಲ್ಲಿ ‘ಇತರೆ’ ಎಂಬ ಆಯ್ಕೆ ಬಂದದ್ದೇ 2011ರಲ್ಲಿ, ಮೊದಲ ಬಾರಿಗೆ. ಹೊಸ್ತಿಲಲ್ಲಿ ನಿಂತ ಶಾಲಾ ಶಿಕ್ಷಕರಿಗೆ, ಅಪ್ಪ ಅಮ್ಮನ ಎದುರಿನಲ್ಲಿ, ಎಷ್ಟು ಮಕ್ಕಳು ನಿಜ ಹೇಳಿರುತ್ತಾರೆ?

ಈ ನಾಡಿನಲ್ಲಿ ಕಾಲಂ ಗೀಚುವವರು ಯಾರು ಎಂಬುದು ನನಗೆ ಬಹುಕಾಲದ ಕುತೂಹಲ. ವಿಧವೆಗೆ ಗಂಡನ ಹೆಸರು ಕೇಳುವ, ಅನಾಥನಿಗೆ ತಂದೆಯ ಉದ್ಯೋಗ ಕೇಳುವ ನಮೂನೆಗಳೆಲ್ಲ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ. ಆಸ್ಪತ್ರೆಯ ರಿಜಿಸ್ಟರ್ ಮೊದಲು ಹೇಗಿತ್ತು, ಗಣಕಯಂತ್ರ ಬಂದ ಮೇಲೆ ಏನಾಯಿತು, ಒಂದು ಕಾಲಂ ಸೇರಿಸಬೇಕಾದರೆ ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕು ಎಂಬುದನ್ನೆಲ್ಲ ಒಳಗಿದ್ದು ಕಂಡವರು ನೀವು. ಅದನ್ನು ಬರೆದು ಕಳಿಸಿ. ನನ್ನನ್ನು ಬೈದೇ ಬರೆದರೂ ಅಡ್ಡಿಯಿಲ್ಲ, ಅಚ್ಚು ಹಾಕುತ್ತೇನೆ. ಹಾಗೆಯೇ, ಯುಗಾದಿ ವಿಶೇಷಾಂಕ ತಲುಪಿಲ್ಲ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದಿರಿ. ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಲು ವ್ಯವಸ್ಥಾಪಕರಿಗೆ ಹೇಳಿದ್ದೇನೆ.