ಈ ವರ್ಷ ನೀವು ಪೂರ್ತಿ ಕೇಳಿದ ಆಲ್ಬಂ ಯಾವುದು?

ಕಳೆದ ಸಂಚಿಕೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ. ಈ ವರ್ಷ ನಿಮಗೆ ತುಂಬ ಹಿಡಿಸಿದ ಆಲ್ಬಂ ಯಾವುದು, ಯಾಕೆ? ಪತ್ರ, ಇನ್‌ಲ್ಯಾಂಡ್, ವಾಟ್ಸಾಪ್ ಎಲ್ಲ ಸೇರಿ ರಾಶಿ ಬಂತು. ಓದುತ್ತಾ ಹೋದರೆ ಉತ್ತರದ ಜೊತೆ ಪ್ರತಿಯೊಬ್ಬರದ್ದೂ ಒಂದು ಪ್ರಶ್ನೆ ಉಂಟು. ಹಾಗಾಗಿ ಈ ಸಲ ಪಟ್ಟಿ ಹಾಕುವುದನ್ನು ಬಿಟ್ಟು ಪ್ರಶ್ನೆಗಳಿಗೇ ಕೂತಿದ್ದೇನೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಡಿಸೆಂಬರ್ ಮೊದಲ ವಾರ ನನ್ನ ಫೋನಿನಲ್ಲಿ ಸ್ಪಾಟಿಫೈ ಒಂದು ಲೆಕ್ಕ ತೋರಿಸಿತು. ನಾನು ವರ್ಷವಿಡೀ ಜಾಸ್ತಿ ಕೇಳಿದ್ದು ಮಕ್ಕಳ ಹಾಡುಗಳ ಆಲ್ಬಂ ಅಂತೆ. ಅದು ಮೊಮ್ಮಗಳಿಗೆ ಊಟ ಮಾಡಿಸುವಾಗ ಹಾಕುವುದು. ನನಗೆ ಇಷ್ಟವಾದದ್ದು ಬೇರೆಯೇ. ಈ ಲೆಕ್ಕ ಸರಿಯಾ ಅಕ್ಕ? (ಸುರತ್ಕಲ್)

ಉತ್ತರ: ಲೆಕ್ಕ ಸುಳ್ಳಲ್ಲ, ಆದರೆ ಅದು ಎಣಿಸುವುದು ಇಷ್ಟವನ್ನಲ್ಲ. ಅಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಸಾಕು, ಕೇಳಿದ ಹಾಗೆ ಲೆಕ್ಕ. ನೀವು ಕಣ್ಣು ಮುಚ್ಚಿ ಕೂತು ಕೇಳಿದ್ದೂ ಒಂದೇ, ಮಗು ಬಾಯಿ ತೆರೆಯಲಿ ಅಂತ ಹಾಕಿದ್ದೂ ಒಂದೇ. ಇನ್ನೊಂದು ವಿಷಯ. ಆ ಪಟ್ಟಿ ಡಿಸೆಂಬರ್ ಶುರುವಿಗೇ ಬರುವುದರಿಂದ ಡಿಸೆಂಬರಿನಲ್ಲಿ ಕೇಳಿದ್ದು ಅದರಲ್ಲಿ ಸೇರುವುದಿಲ್ಲ. ನಮ್ಮ ಕಡೆ ಯಕ್ಷಗಾನದ ಆಟ, ಕೋಲ, ಕಂಬಳ ಎಲ್ಲ ರಂಗೇರುವುದೇ ಆಗ, ಅಲ್ವಾ? ನಮ್ಮ ಹಾಡಿನ ವರ್ಷ ದೀಪಾವಳಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಮುಗಿಯುತ್ತದೆ. ಫೋನಿನ ಕ್ಯಾಲೆಂಡರಿಗೆ ಅದು ಗೊತ್ತಿಲ್ಲ. ಅಡುಗೆಮನೆಯಲ್ಲಿ 100.3ರಲ್ಲಿ ಮಂಗಳೂರು ಆಕಾಶವಾಣಿ ಹಾಕಿ ಕೇಳಿದ್ದನ್ನಂತೂ ಯಾರೂ ಎಣಿಸುವುದಿಲ್ಲ. ನಿಮಗೆ ಇಷ್ಟವಾದದ್ದರ ಹೆಸರನ್ನೇ ಬರೆದು ಕಳಿಸಿ. ಪತ್ರದಲ್ಲಿ ಹೇಳಲು ಬಿಟ್ಟಿದ್ದೀರಿ!

ಪ್ರಶ್ನೆ: ನಾನು ಉಡುಪಿ-ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್. ಬೆಳಿಗ್ಗೆ ಫಸ್ಟ್ ಟ್ರಿಪ್ಪಿಗೆ ಯಾವಾಗಲೂ ದಾಸರ ಪದ, ವಿದ್ಯಾಭೂಷಣರದ್ದು ಇಲ್ಲವೇ ಪುತ್ತೂರು ನರಸಿಂಹ ನಾಯಕರದ್ದು. ಈ ವರ್ಷ ಪೆನ್‌ಡ್ರೈವ್ ಹಾಳಾಯಿತು. ಹೊಸತಕ್ಕೆ ಹಾಕಿಸಿದ ಮೇಲೆ ಹಾಡುಗಳು ಹಿಂದೆಮುಂದೆ ಆಗಿವೆ. ದಿನಾ ಬರುವ ಒಬ್ಬರು ಟೀಚರ್ "ಪಡುಬಿದ್ರಿಯಲ್ಲಿ ಬರಬೇಕಾದ ಹಾಡು ಮೂಲ್ಕಿಗೆ ಬರ್ತಾ ಉಂಟಲ್ಲ" ಅಂತ ಕೇಳಿದರು. ಸರಿ ಮಾಡುವುದು ಹೇಗೆ? (ಕಾಪು)

ಉತ್ತರ: ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದು. ಆ ಟೀಚರಿಗೆ ಹಾಡಿನ ಕ್ರಮ ಎಷ್ಟು ಮೈಗೆ ಹತ್ತಿದೆ ಎಂದರೆ ಅವರು ಕಿಟಕಿಯಾಚೆ ನೋಡದೆಯೇ ಊರು ಹೇಳಬಲ್ಲರು. ಆಲ್ಬಂ ಅಂದರೆ ಇದೇ. ಕ್ರಮ ತಪ್ಪಿದರೆ ಬೇರೆಯೇ ಆಗಿಬಿಡುತ್ತದೆ.

ಈಗ ಕೆಲಸದ ಮಾತು. ಬಸ್ಸು, ಕಾರಿನ ಎಷ್ಟೋ ಸೆಟ್‌ಗಳು ಹಾಡಿನ ಹೆಸರು ನೋಡುವುದೇ ಇಲ್ಲ. ಪೆನ್‌ಡ್ರೈವಿಗೆ ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡಿಸುತ್ತವೆ. ಹಾಗಾಗಿ ಹಾಡುಗಳನ್ನು ಕಂಪ್ಯೂಟರಿಗೆ ತೆಗೆದಿಟ್ಟುಕೊಂಡು ಪೆನ್‌ಡ್ರೈವನ್ನು ಒಮ್ಮೆ ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ಪ್ರತಿ ಹಾಡಿನ ಹೆಸರಿನ ಮುಂದೆ 01, 02, 03 ಅಂತ ಹಾಕಿಸಿ. 1, 2, 10 ಅಂತ ಹಾಕಿದರೆ ಕೆಲವು ಸೆಟ್‌ಗಳಲ್ಲಿ 1ರ ನಂತರ ಸೀದಾ 10 ಬರುತ್ತದೆ. ಆಮೇಲೆ ಒಂದೊಂದೇ ಹಾಡನ್ನು ಅದೇ ಕ್ರಮದಲ್ಲಿ ಹಾಕಿಸಿ. ಅಂಗಡಿಯವರಿಗೆ ಬೇಜಾರಾಗಬಹುದು, ಆದರೂ ಬಿಡಬೇಡಿ. ಟೀಚರಿಗೆ ಪಡುಬಿದ್ರಿಯ ಹಾಡು ಪಡುಬಿದ್ರಿಯಲ್ಲೇ ಸಿಗಲಿ.

ಪ್ರಶ್ನೆ: 2021ರಲ್ಲಿ ಬಂದ 'ಗರುಡ ಗಮನ ವೃಷಭ ವಾಹನ' ಸಿನಿಮಾದ ಸೋಜುಗಾದ ಸೂಜುಮಲ್ಲಿಗೆ ಹಾಡನ್ನು ನಾನು ಈಗಲೂ ದಿನಾ ಕೇಳುತ್ತೇನೆ. ಆಲ್ಬಂ ಪೂರ್ತಿ ಕೇಳುವ ತಾಳ್ಮೆ ಇಲ್ಲ. ಒಂದು ಹಾಡು ಸಾಲದಾ ಮೇಡಂ? (ಮಣಿಪಾಲ, ವಿದ್ಯಾರ್ಥಿನಿ)

ಉತ್ತರ: ಸಾಕು, ಖಂಡಿತ ಸಾಕು. ಮೊದಲು ಎಲ್ಲರೂ ಹಾಗೆಯೇ ಕೇಳುತ್ತಿದ್ದುದು. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದೇ ಹೆಚ್ಚುಕಡಿಮೆ ಮೂರು ನಿಮಿಷ, ಅಂದರೆ ಒಂದು ಹಾಡು. 1948ರಲ್ಲಿ ಲಾಂಗ್‌ಪ್ಲೇ ರೆಕಾರ್ಡ್ ಬಂದ ಮೇಲೆ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಜಾಗ ಸಿಕ್ಕಿತು. ಯಾವ ಹಾಡಿನ ನಂತರ ಯಾವುದು ಅಂತ ಕೂತು ಯೋಚಿಸುವುದು ಆಮೇಲೆ ಬೆಳೆಯಿತು. ನೀವು ಹೇಳಿದ ಹಾಡು ಸಿನಿಮಾಕ್ಕೆಂದೇ ಬರೆದದ್ದೂ ಅಲ್ಲ, ಮಲೆ ಮಹದೇಶ್ವರನ ಪದ. ಚಾಮರಾಜನಗರದ ಕಡೆಯ ಬೆಟ್ಟದ ಹಾಡು ಮಂಗಳೂರಿನ ಕತೆಯೊಳಗೆ ಬಂದು ಕೂತಿದೆ. ಅದೇ ಬೆಟ್ಟದ ಕಂಸಾಳೆಯವರು ರಾತ್ರಿಯಿಡೀ ಹಾಡುವುದನ್ನು ಒಮ್ಮೆ ಕೇಳಿ. ಒಂದು ಹಾಡಿನಿಂದ ಪೂರ್ತಿ ಕಾವ್ಯಕ್ಕೆ ಹೋಗಲು ನಿಮಗೆ ಬಾಗಿಲು ಆಗಲೇ ತೆರೆದಿದೆ.

ಪೂರ್ತಿ ಆಲ್ಬಂ ಕೇಳಬೇಕು ಅಂತ ಆಸೆ ಆದರೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ'ದಿಂದ ಶುರು ಮಾಡಿ. 1978ರದ್ದು, ಕನ್ನಡ ಭಾವಗೀತೆಗಳಿಗೆ ಕ್ಯಾಸೆಟ್ಟಿನ ದಾರಿ ತೆರೆದದ್ದು. ಪದ್ಯಗಳೆಲ್ಲ ನಿಸಾರ್ ಅಹಮದ್ ಅವರೊಬ್ಬರದ್ದೇ ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಬ್ಬರೇ ಕೂತು ಮಾತಾಡಿದ ಹಾಗೆ ಅನಿಸುತ್ತದೆ. ಕೇಳುವ ಮೊದಲು, ಹಾಡುಗಳನ್ನು ಹಿಂದೆಮುಂದೆ ಮಾಡುವ ಶಫಲ್ ಆಫ್ ಮಾಡಿ. 2021ರ ನವೆಂಬರಿನಲ್ಲಿ ಅಡೆಲ್ ತನ್ನ ಆಲ್ಬಂ ಬಂದಾಗ, ನಾವು ಯೋಚಿಸಿ ಇಟ್ಟ ಕ್ರಮವನ್ನು ಕೆಡಿಸಬೇಡಿ ಅಂತ ಕೇಳಿಕೊಂಡಿದ್ದರು. ಸ್ಪಾಟಿಫೈ ಆಲ್ಬಂ ಪುಟದಲ್ಲಿದ್ದ ಶಫಲ್ ಗುಂಡಿಯನ್ನು ಆಗಲೇ ಬದಲಿಸಿತು. ಅಷ್ಟು ದೊಡ್ಡ ಗಾಯಕಿಗೂ ಮೇಲೆ ಹೇಳಿದ ಉಡುಪಿ ಬಸ್ಸಿನ ಟೀಚರಿಗೂ ಇದ್ದದ್ದು ಒಂದೇ ಸಂಕಟ ನೋಡಿ.

ಪ್ರಶ್ನೆ: ನನ್ನ ವರ್ಷದ ಆಲ್ಬಂ ಯಾವತ್ತೂ ಯಕ್ಷಗಾನದ್ದೇ. ಪದ್ಯ ಹಾಡುವ ಭಾಗವತ ಕಾಳಿಂಗ ನಾವಡರ ಹಳೇ ಕ್ಯಾಸೆಟ್ಟನ್ನು ಈ ವರ್ಷವೂ ಕೇಳಿದೆ. ಮೊಮ್ಮಗ ಹೇಳುತ್ತಾನೆ, ಅದು ಆಲ್ಬಂ ಅಲ್ಲ ಅಜ್ಜ, ಸುಮ್ನೆ ರೆಕಾರ್ಡಿಂಗ್ ಅಂತ. ಯಾರು ಸರಿ? (ಕೋಟ, ನಿವೃತ್ತ ಅಧ್ಯಾಪಕರು)

ಉತ್ತರ: ನೀವೇ ಸರಿ ಸರ್. ಮೊಮ್ಮಗನಿಗೆ ಇದನ್ನು ಓದಿ ಹೇಳಿ.

1991ರಿಂದ ಆರು ವರ್ಷ ನಾನು ಉಡುಪಿಯ ರಥಬೀದಿ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡು ಆಗ ಒಂದು ವರ್ಷ ಆಗಿತ್ತಷ್ಟೇ. ಮೂವತ್ತರ ಆಸುಪಾಸಿನ ಪ್ರಾಯ ಅವರದ್ದು. ಗಿರಾಕಿಗಳು ಪ್ರಸಂಗದ ಹೆಸರು ಹೇಳುತ್ತಿರಲಿಲ್ಲ. "ನಾವಡರದ್ದು ನಮ್ಮಲ್ಲಿ ಇಲ್ಲದ್ದು ಯಾವುದಾದರೂ ಉಂಟಾ?" ಅಂತ ಕೇಳುತ್ತಿದ್ದರು. ಮಲ್ಪೆಯಿಂದ ಮೀನು ಮಾರಲು ಬರುತ್ತಿದ್ದ ಒಬ್ಬರು ಅಮ್ಮ ಇದ್ದರು. ಮೀನಿನ ಬುಟ್ಟಿಯನ್ನು ಹೊರಗೆ ಮೆಟ್ಟಿಲ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕೌಂಟರಿನಿಂದ ಸ್ವಲ್ಪ ದೂರವೇ ನಿಲ್ಲುತ್ತಿದ್ದರು. "ಎ ಸೈಡ್ ಪಕ್ಕದ ಮನೆಯಲ್ಲಿ ಕೇಳಿಯಾಗಿದೆ, ತಿರುಗಿಸಿ ಹಾಕು ಮಗಳೇ" ಅನ್ನುತ್ತಿದ್ದರು. ಒಂದು ಪದ್ಯ ಪೂರ್ತಿ ಮುಗಿಯುವ ತನಕ ಅಲ್ಲಾಡುತ್ತಿರಲಿಲ್ಲ. ಆಮೇಲೆ ಗಂಟು ಬಿಚ್ಚಿ ದುಡ್ಡು ಎಣಿಸುತ್ತಿದ್ದರು. ಅಷ್ಟು ಗಮನವಿಟ್ಟು ಕೇಳುವವರನ್ನು ನಾನು ಆಮೇಲೆ ಸಭಾಂಗಣಗಳಲ್ಲೂ ಜಾಸ್ತಿ ನೋಡಿಲ್ಲ.

ಈಗ ಆಲ್ಬಮ್ಮಿನ ಮಾತಿಗೆ ಬರುತ್ತೇನೆ. ರಾತ್ರಿಯಿಡೀ ನಡೆಯುವ ಆಟವನ್ನು ಸಿ-60 ಕ್ಯಾಸೆಟ್ಟಿಗೆ, ಅಂದರೆ ಬದಿಗೆ ಅರ್ಧ ಗಂಟೆಯ ಹಾಗೆ ಹಿಡಿಸಬೇಕು. ಯಾವ ಪದ್ಯ ಇಡಬೇಕು, ಯಾವುದನ್ನು ಬಿಡಬೇಕು, ಎಲ್ಲಿ ಚಂಡೆ ಏರಬೇಕು, ಎಲ್ಲಿ ಮದ್ದಳೆ ಮಾತ್ರ ಸಾಕು ಅಂತ ಭಾಗವತರು ಮತ್ತು ಹಿಮ್ಮೇಳದವರು ಕೂತು ತೀರ್ಮಾನ ಮಾಡಬೇಕಲ್ಲ. ಅದು ಆಲ್ಬಂ ಅಲ್ಲದೆ ಇನ್ನೇನು? ಬಾರ್ಕೂರಿನಲ್ಲಿ ನನ್ನ ಮಾವ ತೆಂಗಿನಕಾಯಿ ಸುಲಿಯುವಾಗ ಒಂದು ಪದ್ಯ ಹಾಡುತ್ತಿದ್ದರು. ಚರಣದ ನಡುವೆ ಒಂದು ಕಡೆ ಯಾವಾಗಲೂ ನಿಲ್ಲಿಸಿ, ಇನ್ನೊಂದು ಕಾಯಿ ಕೈಗೆತ್ತಿಕೊಂಡು ಮುಂದಿನ ಸಾಲು ಎತ್ತುತ್ತಿದ್ದರು. ಅದು ಭಾಗವತಿಕೆಯ ಕ್ರಮ ಅಂತಲೇ ನಾನು ತಿಳಿದಿದ್ದೆ. ಅಂಗಡಿಯಲ್ಲಿ ಆ ಕ್ಯಾಸೆಟ್ ಕೈಗೆ ಸಿಕ್ಕಿದ ದಿನ ಗೊತ್ತಾಯಿತು, ಅಲ್ಲಿ ಎ ಸೈಡ್ ಮುಗಿಯುತ್ತದೆ! ಮಾವನ ಗಂಟಲಲ್ಲಿ ಟೇಪ್ ತಿರುಗಿಸುವ ಹೊತ್ತೂ ಸೇರಿಹೋಗಿತ್ತು. ಮಾವ ಈಗ ಇಲ್ಲ. ಯಾವುದಾದರೂ ಆಟದಲ್ಲಿ ಆ ಪದ್ಯ ಬಂದರೆ ಆ ಜಾಗದಲ್ಲಿ ನನ್ನ ಉಸಿರು ತಾನಾಗಿ ನಿಲ್ಲುತ್ತದೆ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನವರ ಪತ್ರಗಳೂ ಬಂದಿವೆ. ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡ ಮೇಲೆ ಅವರ ಧ್ವನಿಯನ್ನು ಹುಡುಕಿ ಕೇಳುವವರು ಜಾಸ್ತಿ ಆಗಿದ್ದಾರೆ. ಆ ಏರು ಶ್ರುತಿಯನ್ನು ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ ಅಂತಷ್ಟೇ ನನ್ನ ಬೇಡಿಕೆ.

ಪ್ರಶ್ನೆ: ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳನ್ನು ನಾನು ಈ ವರ್ಷವೇ ಮೊದಲ ಸಲ ಕೂತು ಕೇಳಿದ್ದು. ನನ್ನ ಮನೆಮಾತು ತುಳು. ಹಳೇ ಹಾಡು ಈ ವರ್ಷದ್ದು ಅಂತ ಲೆಕ್ಕಕ್ಕೆ ಬರುತ್ತದಾ? (ಬಜ್ಪೆ)

ಉತ್ತರ: ನಿಮಗೆ ಸಿಕ್ಕಿದ್ದು ಈ ವರ್ಷ, ಹಾಗಾಗಿ ಈ ವರ್ಷದ್ದೇ. ಕೊಂಕಣ್ ಕೋಗುಳ್ ಅಂತ ಅವರನ್ನು ಕರೆಯುತ್ತಿದ್ದರು, 2010ರಲ್ಲಿ ಹೋದರು. ಶಬ್ದ ಪೂರ್ತಿ ತಿಳಿಯದಿದ್ದರೂ ರಾಗ ನಾಲಿಗೆಗೆ ಹತ್ತಿಬಿಡುತ್ತದೆ. ಮಂಗಳೂರಿನ ಮಕ್ಕಳು ಶಾಲೆಯಲ್ಲಿ ಪಕ್ಕದ ಬೆಂಚಿನವರಿಂದ ಹಾಡು ಕಲಿಯುವುದೂ ಹೀಗೇ. ನೀವು ಒಂದು ಸಂಜೆ ಬಿಡುವು ಮಾಡಿ ಶಕ್ತಿನಗರದ ಕಲಾಂಗಣಕ್ಕೆ ಹೋಗಿ. ಮಾಂಡ್ ಸೊಭಾಣ್‌ನವರ ಜಾಗ ಅದು. 1986ರಿಂದ ಕೊಂಕಣಿ ಹಾಡಿಗಾಗಿ ದುಡಿಯುತ್ತಿರುವವರು. 2008ರ ಜನವರಿಯಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದವರು.

ಪ್ರಶ್ನೆ: ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಅಂದರೆ ನಮಗೆ ಮದುವೆ ಹಾಲ್ ನೆನಪಾಗುತ್ತದೆ. ಅದನ್ನು ಮನೆಯಲ್ಲಿ ಕೂತು ಕೇಳುವುದು ಹೇಗೆ? (ಬಂಟ್ವಾಳ)

ಉತ್ತರ: ನಿಮ್ಮ ಸಜಿಪದವರೇ ಅವರು! ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಅದಕ್ಕೆ ಮರುಳಾದರು. ಆ ವಾದ್ಯದ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುವಂಥವು. ಗಮಕಕ್ಕೆ ಸ್ವರ ಜಾರಬೇಕು. ಅದಕ್ಕಾಗಿ ವಾದ್ಯವನ್ನೇ ತಿದ್ದಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ ಒಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಊಟದ ಗದ್ದಲದಲ್ಲಿ ಕೇಳಿಸದೇ ಹೋಗುವುದು ಆ ಜಾರುವಿಕೆಯೇ. ಒಂದು ರಾಗಾಲಾಪನೆ ಆರಿಸಿಕೊಳ್ಳಿ, ರಾತ್ರಿ ಲೈಟ್ ಆರಿಸಿ ಹಾಕಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಮಾತ್ರ ಹಿಂಬಾಲಿಸಿ. ಹತ್ತು ನಿಮಿಷ ಸಾಕು.

ಪ್ರಶ್ನೆ: ಇಷ್ಟವಾದ ಆಲ್ಬಮ್ಮಿಗೆ ದುಡ್ಡು ಕೊಡಬೇಕು ಅಂತ ಆಸೆ. ಕಲಾವಿದರಿಗೆ ಮುಟ್ಟುವ ಹಾಗೆ ಕೊಡುವುದು ಹೇಗೆ? (ಕಂಕನಾಡಿ)

ಉತ್ತರ: ಕಾರ್ಯಕ್ರಮ ಮುಗಿದ ಮೇಲೆ ಹೊರಗಿನ ಮೇಜಿನಲ್ಲಿ ಸಿಡಿ, ಪೆನ್‌ಡ್ರೈವ್ ಇಟ್ಟಿದ್ದರೆ ಅಲ್ಲೇ ಕೊಳ್ಳಿ, ಅದಕ್ಕಿಂತ ನೇರ ದಾರಿ ಇಲ್ಲ. ಸ್ವಂತ ಹಾಡು ಮಾಡುವ ಬ್ಯಾಂಡುಗಳು ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ಜಾಲತಾಣದಲ್ಲಿದ್ದರೆ ಅಲ್ಲಿ ಕೊಳ್ಳಬಹುದು. ಡಿಜಿಟಲ್ ಆಲ್ಬಮ್ಮಿಗೆ ಜಾಲತಾಣದವರು ತಮ್ಮ ಪಾಲಾಗಿ ಹಿಡಿಯುವುದು 15 ಶೇಕಡಾ.

ಪ್ರಶ್ನೆ: ಅಪ್ಪನ ಕಪಾಟಿನಲ್ಲಿ ನಲವತ್ತು ಹಳೇ ಕ್ಯಾಸೆಟ್ ಸಿಕ್ಕಿವೆ. ಒಳಗೆ ಬಿಳಿ ಬೂಷ್ಟು ಹಿಡಿದಿದೆ. ಉಳಿಸಬಹುದಾ? ಮತ್ತೆ ಅಕ್ಕ, ನಿಮ್ಮ ವರ್ಷದ ಆಲ್ಬಂ ಯಾವುದು, ಹೇಳಲೇ ಇಲ್ಲ! (ಬ್ರಹ್ಮಾವರ)

ಉತ್ತರ: ನನ್ನದೂ ಅಂಥದ್ದೇ ಒಂದು ಕ್ಯಾಸೆಟ್. ಮಳೆಗಾಲದಲ್ಲಿ ಅಮ್ಮನ ಮನೆಯ ಅಟ್ಟದಲ್ಲಿ ಸಿಕ್ಕಿತು. ಮೇಲೆ ಅಪ್ಪನ ಅಕ್ಷರದಲ್ಲಿ 'ಆಟ, ಗದ್ದೆ' ಅಂತ ಮಾತ್ರ ಇದೆ. ಯಾವ ಮೇಳ, ಯಾವ ವರ್ಷ ಬರೆದಿಲ್ಲ. ಎ ಸೈಡಿನಲ್ಲಿ ಅರ್ಧ ಗಂಟೆ ಬಯಲಾಟ. ಭಾಗವತರ ಹಿಂದೆ ಗಾಳಿ, ಜನ, ಯಾರೋ ಚುರುಮುರಿಯವನ ಕೂಗು. ಬಿ ಸೈಡಿನಲ್ಲಿ ಅಪ್ಪ ರೇಡಿಯೋದ ಕೃಷಿರಂಗ ರೆಕಾರ್ಡ್ ಮಾಡಿಕೊಂಡಿದ್ದಾರೆ, ಅಡಿಕೆಯ ಕೊಳೆರೋಗದ ಬಗ್ಗೆ. ಅದನ್ನೂ ಬಿಡದೆ ಪೂರ್ತಿ ಕೇಳಿದೆ. ಈ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ್ದು ಇದನ್ನೇ.

ಉಳಿಸುವ ಕ್ರಮ ಹೇಳುತ್ತೇನೆ. ಬೂಷ್ಟು ಹಿಡಿದದ್ದನ್ನು ಸೀದಾ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೆ ಅಂಟಿ ಉಳಿದ ಮೂವತ್ತೊಂಬತ್ತಕ್ಕೂ ಹರಡುತ್ತದೆ. ಬಿಸಿಲಿಗೂ ಇಡಬೇಡಿ, ಟೇಪ್ ಸೊಟ್ಟಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು ಒಣಗಿಸಿ. ಆಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹೋದರೂ ಪರವಾಗಿಲ್ಲ ಅನ್ನುವ ಒಂದು ಹಳೇ ಪ್ಲೇಯರಿನಲ್ಲಿ ಕೊನೆವರೆಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಪ್ರತಿ ಸಲ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಟೇಪಿನ ಹಿಂದೆ ಒತ್ತಿ ಹಿಡಿಯುವ ಚಿಕ್ಕ ಮೆತ್ತೆ ಬಿದ್ದುಹೋಗಿದ್ದರೆ ಸ್ವರ ಮಂಕಾಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಸುರುಳಿಗಳನ್ನು ಬೇರೆ ಒಳ್ಳೆ ಡಬ್ಬಿಗೆ ಹಾಕಬಹುದು. ಮೇಲಿನ ಅಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದಿದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಮುರಿಯಿರಿ, ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗುವುದಿಲ್ಲ. ಕಂಪ್ಯೂಟರಿಗೆ ಹಾಕುವಾಗ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. ಮೊದಲ ಪ್ರತಿಯನ್ನು ವೇವ್ ಫೈಲಾಗಿಯೇ ಇಡಿ, ಸದ್ದು ಕಡಿಮೆ ಮಾಡುವ ಕೆಲಸವನ್ನು ಇನ್ನೊಂದು ಪ್ರತಿಯಲ್ಲಿ ಮಾಡಿ. ಅಪ್ಪ ಮೇಲೆ ಬರೆದ ಚೀಟಿಯದ್ದೂ ಒಂದು ಫೋಟೊ ತೆಗೆದಿಡಿ. ಬಿ ಸೈಡನ್ನು ಮಾತ್ರ ಬಿಡಬೇಡಿ.